ಆ ಟೈಟನ್ ಸಂಗೀತ ಯಾರದು?

ಪ್ರಶ್ನೆ: ಟಿವಿಯಲ್ಲಿ ಟೈಟನ್ ವಾಚಿನ ಜಾಹೀರಾತಿಗೆ ಬರುತ್ತಿದ್ದ ಪಿಟೀಲಿನ ಸಂಗೀತ ಯಾರದು? ಪೂರ್ತಿ ಕೇಳುವುದು ಹೇಗೆ?

ಉತ್ತರ: ಅದು ಜಾಹೀರಾತಿಗೆಂದೇ ಹುಟ್ಟಿದ್ದಲ್ಲ. ಪಾಶ್ಚಾತ್ಯ ಸಂಗೀತಗಾರ ಮೊಜಾರ್ಟ್ 1773ರಲ್ಲಿ, 17ರ ಹುಡುಗನಾಗಿದ್ದಾಗ ಬರೆದ 25ನೇ ಸಿಂಫನಿಯ (ವಾದ್ಯವೃಂದಕ್ಕೆ ಬರೆದ ದೀರ್ಘ ಕೃತಿ) ತುಣುಕು. ಹುಡುಕುವಾಗ ಸಂಖ್ಯೆಯ ಜತೆಗೆ ‘ಕೆ. 183’ (ಮೊಜಾರ್ಟ್ ಕೃತಿಗಳ ಪಟ್ಟಿಯಲ್ಲಿ ಇದರ ಸಂಖ್ಯೆ) ಎಂದೂ ಸೇರಿಸಿ. ಬರೀ ‘ಮೊಜಾರ್ಟ್, ಜಿ ಮೈನರ್’ (ಇದರ ಶ್ರುತಿ) ಎಂದು ಹಾಕಿದರೆ 40ನೇ ಸಿಂಫನಿ ಎದುರಾಗಬಹುದು. ಅದೂ ಅದೇ ಶ್ರುತಿಯದು, ಹೆಸರು ಇನ್ನೂ ದೊಡ್ಡದು! ನಿಮಗೆ ಬೇಕಾದ್ದು ಮೊದಲ ಭಾಗ. ಆರಂಭದ ಬಿರುಗಾಳಿಯಂಥ ಪಿಟೀಲು ಕೇಳಿ ‘ಇದಲ್ಲ’ ಎಂದು ನಿಲ್ಲಿಸಬೇಡಿ, ಸ್ವಲ್ಪ ತಾಳಿ. ಮದುವೆ ವಿಡಿಯೊಗೆ ಹಾಕುವುದಾದರೆ ಎಚ್ಚರ: ಕೃತಿಗೆ ಹಕ್ಕುಸ್ವಾಮ್ಯವಿಲ್ಲ, ಆದರೆ ವಾದ್ಯವೃಂದದ ಧ್ವನಿಮುದ್ರಣಕ್ಕೆ ನಮ್ಮಲ್ಲಿ 60 ವರ್ಷ ಇರುತ್ತದೆ.