ಬಿಸಿಯಾದಾಗ ಸೆಲ್ಫ್ ಎತ್ತದ ಮಾರುತಿ 800: ಮೋಟಾರು ಬಿಚ್ಚುವ ಮೊದಲು ಅರ್ಥ್ ನೋಡಿ

ಅಣ್ಣಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. 1996ರ ಕಾರ್ಬ್ಯುರೇಟರ್ ಗಾಡಿ. ಬೆಳಿಗ್ಗೆ ಒಂದೇ ಸೆಲ್ಫಿಗೆ ಸ್ಟಾರ್ಟ್. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬಂದು ಚಹಾಕ್ಕೆ ನಿಲ್ಲಿಸಿದರೆ ಮುಗಿಯಿತು, 'ಟಕ್' ಅಂದು ಸುಮ್ಮನಾಗುತ್ತದೆ, ಇಲ್ಲವೇ ಮುಲುಕುತ್ತಾ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಮುಕ್ಕಾಲು ಗಂಟೆ ಬಿಟ್ಟರೆ ಮತ್ತೆ ಸರಿ. ರಾತ್ರಿ ಹೆಡ್‌ಲೈಟ್ ಮಂಕು, ವಾರಕ್ಕೊಮ್ಮೆ ಬ್ಯಾಟರಿ ಚಾರ್ಜಿಗೆ ಹೊರಬೇಕು. ಹೊಸ ಬ್ಯಾಟರಿ ಬಂತು, ಡೈನಮೋಗೆ ಬ್ರಶ್ ಹಾಕಿಸಿದ್ದಾಯ್ತು, ಈಗ ಸೆಲ್ಫ್ ಮೋಟಾರನ್ನೇ ಬದಲಿಸೋಣ ಅನ್ನುತ್ತಿದ್ದಾರೆ. ದಯವಿಟ್ಟು ಒಂದು ದಿನ ತಡೆಯಿರಿ.

ಕೊನೆಯಲ್ಲಿ 'ಇದಕ್ಕೂ ಅದಕ್ಕೂ ಸಂಬಂಧ ಇಲ್ಲ, ಆದರೂ ಹೇಳ್ತೇನೆ' ಅಂತ ಒಂದು ಸಾಲು ಸೇರಿಸಿದ್ದೀರಲ್ಲ, ಹೋದ ವರ್ಷ ಟಿಂಕರಿಂಗ್-ಪೇಂಟಿಂಗ್ ಮಾಡಿಸಿದ ಮೇಲೆ ಆಕ್ಸಿಲರೇಟರ್ ಕೇಬಲ್ ಎರಡು ಸಲ ಬಿಗಿಯಾಗಿ ಬದಲಿಸಬೇಕಾಯ್ತು ಅಂತ? ಸಂಬಂಧ ಖಂಡಿತ ಇದೆ. ನನ್ನ ಅನುಮಾನವೆಲ್ಲ ಆ ಸಾಲಿನ ಮೇಲೇ.

ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ಸೆಲ್ಫ್ ಮೋಟಾರಿಗೆ ಹೋದ ಕರೆಂಟು ಇಂಜಿನ್‌ನಿಂದ ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಬರಲು ದಪ್ಪ ಅರ್ಥ್ ವೈರೇ ದಾರಿ. ಅದರ ತಿಂಬಲ್ (ವೈರಿನ ತುದಿಗೆ ಒತ್ತಿದ, ಬೋಲ್ಟ್ ಕೂರುವ ಲೋಹದ ಬಳೆ) ಕೆಳಗೆ ಪೇಂಟು ಕೂತಿದ್ದರೆ, ತುಕ್ಕು ಹಿಡಿದಿದ್ದರೆ, ಕರೆಂಟು ಸಿಕ್ಕ ದಾರಿ ಹಿಡಿಯುತ್ತದೆ. ಇಂಜಿನ್ನಿಗೂ ಬಾಡಿಗೂ ನಡುವೆ ಇರುವ ಇನ್ನೊಂದು ಲೋಹದ ಕೊಂಡಿ ಆಕ್ಸಿಲರೇಟರ್ ಕೇಬಲ್, ಕ್ಲಚ್ ಕೇಬಲ್. ಅಷ್ಟು ಸಣ್ಣ ತಂತಿಯಲ್ಲಿ ಸೆಲ್ಫಿನ ಕರೆಂಟು ಹರಿದರೆ ಒಳಗಿನ ಪ್ಲಾಸ್ಟಿಕ್ ಕೊಳವೆ ಕರಗಿ ಕೇಬಲ್ ಹಿಡಿದುಕೊಳ್ಳುತ್ತದೆ. ತೆಗೆದ ಹಳೆಯ ಕೇಬಲ್ ಇನ್ನೂ ಮನೆಯಲ್ಲಿದ್ದರೆ ಒಂದು ತುದಿ ಸೀಳಿ ನೋಡಿ, ಕರಗಿದ ಗುರುತು ಕಾಣಬಹುದು.

ಬಿಸಿಯಾದಾಗ ಮಾತ್ರ ಯಾಕೆ? ತಾಮ್ರ ಬಿಸಿಯಾದಷ್ಟೂ ಕರೆಂಟಿಗೆ ಅಡ್ಡಿ ಹೆಚ್ಚು, ಡಿಗ್ರಿಗೆ ಸುಮಾರು ಶೇಕಡಾ 0.4. ಬೆಳಿಗ್ಗೆ 30 ಡಿಗ್ರಿ ಇದ್ದ ಸೆಲ್ಫಿನ ಕಾಯಿಲ್ ಘಟ್ಟ ಹತ್ತಿದ ಮೇಲೆ 90 ಆಯ್ತು ಅಂದರೆ ಅದರ ಅಡ್ಡಿ ಕಾಲುಪಾಲಿನಷ್ಟು ಏರಿರುತ್ತದೆ. ಅರ್ಥ್ ಚೆನ್ನಾಗಿದ್ದರೆ ಇದು ಲೆಕ್ಕಕ್ಕೇ ಬರುವುದಿಲ್ಲ. ಅರ್ಥ್‌ನಲ್ಲೇ 2 ವೋಲ್ಟ್ ಸೋರಿಹೋಗುತ್ತಿದ್ದರೆ ಬೆಳಿಗ್ಗೆ ಹೇಗೋ ತಿರುಗಿದ ಮೋಟಾರು ಮಧ್ಯಾಹ್ನ ಕೈಕೊಡುತ್ತದೆ. 2 ವೋಲ್ಟ್ ಕಳೆಯಲು ಬೇಕಾದ ಅಡ್ಡಿ ಎಷ್ಟು ಗೊತ್ತಾ? 100 ಆಂಪಿಯರ್‌ಗೆ ಬರೀ 0.02 ಓಮ್. ನಾವು ಇಟ್ಟುಕೊಳ್ಳುವ ಮಲ್ಟಿಮೀಟರಿನ ಓಮ್ ರೇಂಜಿನಲ್ಲಿ ಅದು ಕಾಣುವುದೇ ಇಲ್ಲ, 'ಪೀಂ' ಅಂತ ಶಬ್ದ ಮಾಡಿ ವೈರು ಸರಿ ಇದೆ ಅನ್ನುತ್ತದೆ. ಆದ್ದರಿಂದ ಸೆಲ್ಫ್ ಹೊಡೆಯುತ್ತಲೇ ವೋಲ್ಟ್ ಅಳೆಯಬೇಕು.

ಹೀಗೆ ಮಾಡಿ. ಗಾಡಿ ಬಿಸಿಯಾಗಿ ಹಟ ಹಿಡಿದಾಗಲೇ ಮಾಡಿ, ಬೆಳಿಗ್ಗೆ ಅಲ್ಲ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಸ್ಟಾರ್ಟ್ ಆಗದಂತೆ ಇಗ್ನಿಷನ್ ಕಾಯಿಲ್‌ಗೆ ಬರುವ ಸಣ್ಣ ಪ್ಲಸ್ ವೈರ್ ಬಿಚ್ಚಿ, ಅದು ಎಲ್ಲೂ ತಾಗದ ಹಾಗೆ ಟೇಪ್ ಸುತ್ತಿಡಿ. ಮೀಟರ್ ಡಿಸಿ 20 ವೋಲ್ಟಿನಲ್ಲಿರಲಿ. ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್ ಗೂಟದ ಮೇಲೆ (ಕ್ಲಾಂಪಿನ ಮೇಲಲ್ಲ), ಕೆಂಪು ಕಡ್ಡಿ ಇಂಜಿನ್ನಿನ ಬರಿ ಲೋಹದ ಮೇಲೆ. ಮನೆಯವರಿಗೆ ಕೀ ತಿರುಗಿಸಲು ಹೇಳಿ, ಐದು ಸೆಕೆಂಡಿಗಿಂತ ಜಾಸ್ತಿ ಬೇಡ. 0.3ರ ಒಳಗೆ ಇದ್ದರೆ ಅರ್ಥ್ ಸರಿ. ಅರ್ಧ ವೋಲ್ಟ್ ದಾಟಿದರೆ ಕಳ್ಳ ಸಿಕ್ಕಿದ. ಇದೇ ರೀತಿ ಬ್ಯಾಟರಿ ಪ್ಲಸ್ ಗೂಟದಿಂದ ಸೆಲ್ಫಿನ ದಪ್ಪ ವೈರಿನ ಬೋಲ್ಟಿಗೂ ಅಳೆಯಿರಿ, ಅಲ್ಲೂ ಅರ್ಧ ವೋಲ್ಟಿನ ಒಳಗಿರಬೇಕು. ಆ ಹೊತ್ತಿಗೆ ಬ್ಯಾಟರಿಯ ಎರಡು ಗೂಟಗಳ ನಡುವೆ 10ರ ಆಸುಪಾಸು ನಿಂತರೆ ನಿಮ್ಮ ಹೊಸ ಬ್ಯಾಟರಿಗೆ ಏನೂ ಆಗಿಲ್ಲ.

ಮೀಟರ್ ಇಲ್ಲದಿದ್ದರೆ ಜಂಪ್ ಕೇಬಲ್ ಸಾಕು. ಒಂದು ತುದಿ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಕಚ್ಚಿಸಿ, ಬೆಲ್ಟಿಗೆ ಸಿಗದ ಹಾಗೆ. ಬಿಸಿ ಇಂಜಿನ್ ಆಗ ಸಲೀಸಾಗಿ ತಿರುಗಿದರೆ ಬೇರೆ ಪರೀಕ್ಷೆ ಬೇಡ.

ಚಾರ್ಜಿಂಗಿಗೂ ಇದೇ ಅರ್ಥ್ ಬೇಕು. ಡೈನಮೋ ಅಂತ ನಾವು ಕರೆದರೂ ಇದು ಆಲ್ಟರ್ನೇಟರ್, ಒಳಗಿನ ರೆಗ್ಯುಲೇಟರ್ ವೋಲ್ಟ್ ನೋಡಿಕೊಳ್ಳುವುದು ತನ್ನ ಮೈಗೆ ಹೋಲಿಸಿ. ತನ್ನ ಹತ್ತಿರ 14.2 ಇದೆ ಅಂತ ಅದಕ್ಕೆ ಸಮಾಧಾನ, ಬ್ಯಾಟರಿಗೆ ತಲುಪುವುದು ಮಾತ್ರ 13ಕ್ಕೂ ಕಡಿಮೆ. ಹೆಡ್‌ಲೈಟ್, ಬ್ಲೋವರ್ ಎರಡೂ ಹಾಕಿ, ಸ್ವಲ್ಪ ರೇಸ್ ಕೊಟ್ಟು, ಒಮ್ಮೆ ಡೈನಮೋದ ದಪ್ಪ ವೈರಿನ ಬೋಲ್ಟಿಗೂ ಅದರದೇ ಮೈಗೂ ಅಳೆಯಿರಿ, ಇನ್ನೊಮ್ಮೆ ಬ್ಯಾಟರಿ ಗೂಟಗಳ ಮೇಲೆ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರ ಬಂದರೆ ತಪ್ಪು ವೈರಿನದು. ಎರಡೂ ಕಡೆ 13.5ರ ಕೆಳಗಿದ್ದರೆ ಮಾತ್ರ ಬೆಲ್ಟು, ಡೈನಮೋ ಅಂತ ಹುಡುಕಬೇಕು.

ಇಲ್ಲೊಂದು ಮಾತು ಬಿಡಲಾರೆ. ಚಾರ್ಜ್ ಆಗುತ್ತಾ ನೋಡಲು ಓಡುವ ಇಂಜಿನ್ನಿನಲ್ಲಿ ಬ್ಯಾಟರಿ ಟರ್ಮಿನಲ್ ಕಿತ್ತು ನೋಡುವ ಪದ್ಧತಿ ಇನ್ನೂ ಇದೆ. ಅದು ನಿಜವಾದ ಡೈನಮೋ ಇದ್ದ ಕಾಲದ್ದು. ಆಲ್ಟರ್ನೇಟರಿನಲ್ಲಿ ಹಾಗೆ ಮಾಡಿದರೆ ವೋಲ್ಟ್ ಒಮ್ಮೆಲೇ ಚಿಮ್ಮಿ ಡಯೋಡ್, ರೆಗ್ಯುಲೇಟರ್ ಸುಟ್ಟುಹೋಗಬಹುದು. ಯಾರಿಗೂ ಮಾಡಲು ಬಿಡಬೇಡಿ.

ನಮ್ಮ ತೋಟದ ಜೀಪಿನಲ್ಲಿ ನಾನೂ ಇದೇ ದಾರಿಯಲ್ಲಿ ಹೋಗಿ ದುಡ್ಡು ಕಳಕೊಂಡಿದ್ದೇನೆ: ಎರಡು ಬ್ಯಾಟರಿ, ಒಂದು ಸೆಲ್ಫ್ ರಿವೈಂಡಿಂಗ್. ಕೊನೆಗೆ ಅರ್ಥ್ ಪಟ್ಟಿಯನ್ನು ಕೈಯಲ್ಲಿ ಹಿಡಿದು ತಿಂಬಲ್ ಹತ್ತಿರ ಬಗ್ಗಿಸಿದೆ. ಮೇಲಿಂದ ಗಟ್ಟಿಯಾಗಿದ್ದ ಪಟ್ಟಿಯಿಂದ ಹಸಿರು ಪುಡಿ ಉದುರಿತು, ಎಳೆಗಳಲ್ಲಿ ಅರ್ಧಕ್ಕರ್ಧ ತುಂಡಾಗಿದ್ದವು. ಅಳೆದಾಗ 1.8 ವೋಲ್ಟ್. ಹೊಸದು ಹಾಕಿದ ಮೇಲೆ 0.15.

ನಿಮ್ಮದರಲ್ಲಿ ಬ್ಯಾಟರಿ ನೆಗೆಟಿವ್‌ನಿಂದ ಹೊರಟ ದಪ್ಪ ವೈರನ್ನು ಕಣ್ಣಿನಲ್ಲೇ ಹಿಂಬಾಲಿಸಿ. ಎಲ್ಲೆಲ್ಲಿ ಬೋಲ್ಟ್ ಆಗಿದೆಯೋ ಅಲ್ಲೆಲ್ಲ ಬಿಚ್ಚಿ (ಮೊದಲು ಬ್ಯಾಟರಿ ನೆಗೆಟಿವ್ ಕಳಚಿ), ತಿಂಬಲ್ ಕೂರುವ ಜಾಗದ ಪೇಂಟನ್ನು ಎಮರಿ ಪೇಪರಿನಿಂದ ಬೆಳ್ಳಗೆ ಹೊಳೆಯುವ ತನಕ ಉಜ್ಜಿ, ಬಿಗಿ ಮಾಡಿದ ಮೇಲೆ ಹೊರಗಿನಿಂದ ಗ್ರೀಸ್ ಸವರಿ. ಕರಾವಳಿಗೆ ಇಳಿಯುವ ಗಾಡಿ, ಗ್ರೀಸ್ ಮರೆಯಬೇಡಿ. ವೈರೇ ಕೆಟ್ಟಿದ್ದರೆ 25 ಸ್ಕ್ವೇರ್ ಎಂಎಂ ಕೇಬಲ್ ತಂದು ಎರಡೂ ತುದಿಗೆ ತಿಂಬಲ್ ಪ್ರೆಸ್ ಮಾಡಿಸಿ.

ಎಲ್ಲ ಅಳತೆ ಸರಿ ಇದ್ದೂ ಬಿಸಿಗೆ 'ಟಕ್' ಅಂತಲೇ ಉಳಿದರೆ, ಕೀಯಿಂದ ಸಾಲಿನಾಯ್ಡಿಗೆ (ಸೆಲ್ಫಿಗೆ ಕರೆಂಟು ಕೊಡುವ, ಅದರ ಮೇಲೇ ಕೂತ ದೊಡ್ಡ ಸ್ವಿಚ್ಚು) ಬರುವ ಸಣ್ಣ ವೈರಿಗೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹಾಯಿಸುವ ಸ್ವಿಚ್ಚು) ಹಾಕಿ ನೋಡಿ. ಆಮೇಲೆ ಸೆಲ್ಫಿನ ಬುಶ್ (ಅದರ ಶಾಫ್ಟ್ ತಿರುಗುವ ಲೋಹದ ಕೊಳವೆ) ನೋಡಿ. ಚೆನ್ನಾಗಿ ತಿರುಗಿಯೂ ಸ್ಟಾರ್ಟ್ ಆಗದಿದ್ದರೆ ಅದು ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಕುದಿಯುವ ಕಥೆ, ಅಥವಾ ಕಾಯಿಲ್. ನಿಮ್ಮ ಲಕ್ಷಣ ಅದಲ್ಲ.

ಅಳತೆಗಳನ್ನು ಇಲ್ಲೇ ಹಾಕಿ, ಬಿಸಿಯಲ್ಲಿ ಎಷ್ಟು, ತಣ್ಣಗಿದ್ದಾಗ ಎಷ್ಟು ಅಂತ. ಸಂಜೆ ನೋಡುತ್ತೇನೆ. ಅಲ್ಲಿಯವರೆಗೆ ಮತ್ತೊಂದು ಆಕ್ಸಿಲರೇಟರ್ ಕೇಬಲ್ ಮಾತ್ರ ಹಾಕಿಸಬೇಡಿ, ಅರ್ಥ್ ಸರಿಯಾಗುವ ತನಕ ಅದೂ ಸುಟ್ಟೀತು.