ಪೊರೆ ಆಪರೇಷನ್: ಸರ್ಕಾರಿ ಆಸ್ಪತ್ರೆಯ ಸರದಿ ಕಾಯುವುದೇ, ಸಾಲ ಮಾಡಿ ಖಾಸಗಿಗೆ ಹೋಗುವುದೇ?

ನೀವು ಕೇಳಿರುವುದು ಇಷ್ಟು: ತಂದೆಗೆ 67 ವರ್ಷ, ಸಕ್ಕರೆ ಕಾಯಿಲೆ ಇದೆ. ಎರಡೂ ಕಣ್ಣಿಗೆ ಪೊರೆ, ಬಲಗಣ್ಣು 6/36 (ಮಾಮೂಲಿ ಕಣ್ಣಿಗೆ 36 ಮೀಟರ್ ದೂರದಿಂದ ಕಾಣುವುದು ಇವರಿಗೆ 6 ಮೀಟರಿನಿಂದ ಮಾತ್ರ ಕಾಣುತ್ತದೆ), ಎಡಗಣ್ಣು 6/18. ಊರಿನಿಂದ 60 ಕಿ.ಮೀ. ದೂರದ ಜಿಲ್ಲಾಸ್ಪತ್ರೆಯಲ್ಲಿ ಎರಡೂವರೆ ತಿಂಗಳು ಬಿಟ್ಟು ಬನ್ನಿ ಎಂದಿದ್ದಾರೆ. ಒಂದು ಖಾಸಗಿ ಆಸ್ಪತ್ರೆ ಒಂದು ಕಣ್ಣಿಗೆ 48,000 ರೂ. ಹೇಳಿದೆ, ಇನ್ನೊಂದು 'ಪ್ರೀಮಿಯಂ ಲೆನ್ಸ್' ಎಂದು 1,10,000 ರೂ. ಹೇಳಿದೆ. ಸಾಲ ಮಾಡಿ ಮಾಡಿಸಬೇಕೇ ಎಂಬುದು ಪ್ರಶ್ನೆ.

ಸಾಲ ಮಾಡಬೇಡಿ. ಈ ಅಂಕಿಗಳನ್ನು ನೋಡಿದರೆ ಎರಡೂವರೆ ತಿಂಗಳು ಕಾಯುವುದರಿಂದ ನಿಮ್ಮ ತಂದೆಯವರ ದೃಷ್ಟಿಗೆ ಶಾಶ್ವತ ನಷ್ಟ ಆಗುವ ಸಂಭವ ಬಹಳ ಕಡಿಮೆ. ಪೊರೆ ಎಂದರೆ ಕಣ್ಣಿನೊಳಗಿನ ಮಸೂರವೇ ಮಬ್ಬಾಗುವುದು. ಹಿಂದಿನ ಪರದೆ, ಅಂದರೆ ರೆಟಿನಾ, ಚೆನ್ನಾಗಿದ್ದರೆ ಈ ತಿಂಗಳು ತೆಗೆದರೂ ಮೂರು ತಿಂಗಳು ಬಿಟ್ಟು ತೆಗೆದರೂ ಬರುವ ದೃಷ್ಟಿ ಅಷ್ಟೇ. ಆದರೆ ನಿಮ್ಮ ತಂದೆಗೆ ಸಕ್ಕರೆ ಕಾಯಿಲೆ ಇರುವುದರಿಂದ ಆ 'ರೆಟಿನಾ ಚೆನ್ನಾಗಿದ್ದರೆ' ಎಂಬ ಮಾತೇ ಮುಖ್ಯ. ಕಣ್ಣಿಗೆ ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ರೆಟಿನಾ ನೋಡಿದ್ದಾರೆಯೇ ಎಂದು ಚೀಟಿಯಲ್ಲಿ ನೋಡಿಕೊಳ್ಳಿ. ನೋಡಿರದಿದ್ದರೆ ಈ ವಾರವೇ ಮಾಡಿಸಿ, ಅದಕ್ಕೆ ಆಪರೇಷನ್ ದಿನದವರೆಗೆ ಕಾಯಬೇಕಿಲ್ಲ. ಸಕ್ಕರೆಯಿಂದ ರೆಟಿನಾದಲ್ಲಿ ಊತ ಇದ್ದು ಅದಕ್ಕೆ ಚಿಕಿತ್ಸೆ ಆಗದೆ ಪೊರೆ ಮಾತ್ರ ತೆಗೆದರೆ ಊತ ಹೆಚ್ಚಬಹುದು. ಆಮೇಲೆ ಮನೆಯವರು "ಆಪರೇಷನ್ ಫೇಲ್ ಆಯ್ತು" ಎನ್ನುತ್ತಾರೆ, ತಪ್ಪು ಇರುವುದು ಬೇರೆ ಕಡೆ.

ಕಾಯಬಾರದ ಸಂದರ್ಭಗಳೂ ಇವೆ. ಕಣ್ಣು ಕೆಂಪಾಗಿ, ನೋವು, ಅದೇ ಕಡೆ ತಲೆನೋವು, ವಾಂತಿ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬಲಿತ ಪೊರೆ ಉಬ್ಬಿ ಕಣ್ಣಿನೊಳಗಿನ ನೀರು ಹರಿಯುವ ದಾರಿಯನ್ನು ಮುಚ್ಚುತ್ತದೆ, ಒತ್ತಡ ಏರಿ ನರ ಸಾಯುತ್ತದೆ, ಹಾಗೆ ಹೋದ ದೃಷ್ಟಿ ಮರಳುವುದಿಲ್ಲ. ಪಾಪೆ ಪೂರ್ತಿ ಬೆಳ್ಳಗಾಗಿದ್ದರೆ, ಇರುವುದು ಒಂದೇ ಕಣ್ಣಾದರೆ, ಪೊರೆ ಅಡ್ಡ ಬಂದು ರೆಟಿನಾಕ್ಕೆ ಲೇಸರ್ ಕೊಡಲು ಆಗುತ್ತಿಲ್ಲ ಎಂದು ವೈದ್ಯರು ಹೇಳಿದರೆ, ಮಬ್ಬಿನಿಂದಾಗಿ ಒಮ್ಮೆಯಾದರೂ ಬಿದ್ದಿದ್ದರೆ, ಆ ಕಾರಣವನ್ನು ಓಪಿಡಿ ಚೀಟಿಯಲ್ಲೇ ಬರೆಸಿಕೊಳ್ಳಿ. ಬಾಯಲ್ಲಿ ಕೇಳಿಕೊಂಡರೆ ಬೇಗದ ತಾರೀಕು ಸಿಗುವುದು ಕಷ್ಟ, ವೈದ್ಯರ ಅಕ್ಷರದಲ್ಲಿ ಕಾರಣ ಇದ್ದರೆ ಸಿಗುತ್ತದೆ.

"ಪೊರೆ ಇನ್ನೂ ಬಲಿಯಲಿ" ಎಂದು ಮನೆಯ ಹಿರಿಯರು ಹೇಳಿದರೆ ಕೇಳಬೇಡಿ. ಇಡೀ ಮಸೂರವನ್ನು ಹೊರತೆಗೆದು ಸೋಡಾ ಬುಡ್ಡಿ ಕನ್ನಡಕ ಕೊಡುತ್ತಿದ್ದ ಕಾಲದ ಮಾತು ಅದು, ಆಗ ಬಲಿತ ಪೊರೆ ತೆಗೆಯುವುದು ಸುಲಭವಿತ್ತು. ಈಗ ಅದು ತಿರುಗುಮುರುಗು. ಬಲಿತು ಕಂದು ಬಣ್ಣಕ್ಕೆ ತಿರುಗಿದ ಗಟ್ಟಿ ಪೊರೆಯನ್ನು ಫೇಕೋ ಯಂತ್ರದಲ್ಲಿ (ಅಲ್ಟ್ರಾಸೌಂಡ್ ಕಂಪನದಿಂದ ಪೊರೆಯನ್ನು ಪುಡಿ ಮಾಡಿ ಹೀರುವ ಯಂತ್ರ) ಒಡೆಯಲು ಹೆಚ್ಚು ಶಕ್ತಿ ಬೇಕು, ಅದರಿಂದ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರದ, ಒಳಪದರದ ಕೋಶಗಳು ಸಾಯುತ್ತವೆ, ಅವು ಮತ್ತೆ ಹುಟ್ಟುವುದಿಲ್ಲ. ಆದ್ದರಿಂದ ಎರಡೂವರೆ ತಿಂಗಳು ಸರಿ. ಅದು ಮತ್ತೆ ಮತ್ತೆ ಮುಂದೆ ಹೋಗಿ ಆರು ತಿಂಗಳು ದಾಟುವಂತಿದ್ದರೆ ಬೇರೆ ದಾರಿ ಹಿಡಿಯಿರಿ. ಬೇಸಿಗೆಯಲ್ಲಿ ಮಾಡಿಸಬಾರದು, ಚಳಿಗಾಲವೇ ಆಗಬೇಕು ಎಂಬುದಕ್ಕೂ ಆಧಾರವಿಲ್ಲ. ಸೆಕೆಗಾಲದಲ್ಲಿ ಜನ ಕಡಿಮೆ ಇದ್ದು ಸರದಿ ಬೇಗ ಬಂದರೆ ನಿಮಗೇ ಲಾಭ.

ಸರ್ಕಾರಿ ಆಸ್ಪತ್ರೆಯಲ್ಲಿ ಸರದಿ ಯಾಕೆ ಉದ್ದವಾಗುತ್ತದೆ ಎಂದು ಗೊತ್ತಿದ್ದರೆ ಅದನ್ನು ಮೊಟಕು ಮಾಡಲೂಬಹುದು. ಬಹಳ ಕಡೆ ಕಣ್ಣಿನ ವಿಭಾಗಕ್ಕೆ ವಾರದಲ್ಲಿ ಒಂದೆರಡೇ ಓಟಿ (ಆಪರೇಷನ್ ಥಿಯೇಟರ್) ದಿನ. ಆ ದಿನದ ಪಟ್ಟಿಯಲ್ಲಿದ್ದ ಕೆಲವರು ಬೆಳಿಗ್ಗೆ ಪಟ್ಟಿಯಿಂದ ಬಿದ್ದುಹೋಗುತ್ತಾರೆ: ಸಕ್ಕರೆ ಹೆಚ್ಚಿದೆ, ಬಿಪಿ ಹೆಚ್ಚಿದೆ, ರೆಪ್ಪೆಯಲ್ಲಿ ಕೀವು ಇದೆ, ಕಣ್ಣೀರಿನ ನಾಳ ಕಟ್ಟಿದೆ, ಇಸಿಜಿಗೆ ಫಿಸಿಷಿಯನ್ ಸಹಿ ಇಲ್ಲ. ಹೀಗೆ ಬಿದ್ದವರಿಗೆ ಮತ್ತೆ ಒಂದು ತಿಂಗಳು. ನಿಮ್ಮ ತಂದೆಯವರಿಗೆ ಇದು ಆಗಬಾರದು. ಆಪರೇಷನ್ ದಿನದ ಸಕ್ಕರೆ ಸಾಮಾನ್ಯವಾಗಿ 200ರೊಳಗೆ ಇರಬೇಕೆಂದು ಕೇಳುತ್ತಾರೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಈಗಲೇ ಮಾಡಿಸಿ, ಹೆಚ್ಚಿದ್ದರೆ ಈ ಎರಡೂವರೆ ತಿಂಗಳಲ್ಲಿ ಇಳಿಸಿ. ಹಲ್ಲಿನ ಹುಣ್ಣು, ಕಾಲಿನ ಗಾಯ ಇದ್ದರೆ ವಾಸಿ ಮಾಡಿಸಿ. ಮೂತ್ರ ಸರಾಗವಾಗಲು ಟ್ಯಾಮ್ಸುಲೋಸಿನ್ ಮಾತ್ರೆ ತಿನ್ನುತ್ತಿದ್ದರೆ, ಹಿಂದೆ ತಿಂದು ಬಿಟ್ಟಿದ್ದರೂ ಸರಿ, ಸರ್ಜನ್‌ಗೆ ತಪ್ಪದೆ ಹೇಳಿ: ಆ ಮಾತ್ರೆಯಿಂದ ಪಾಪೆ ಸಡಿಲವಾಗಿ ಆಪರೇಷನ್ ನಡುವೆ ಕುಗ್ಗುತ್ತದೆ, ಮೊದಲೇ ಗೊತ್ತಿದ್ದರೆ ಅವರು ಸಿದ್ಧವಾಗಿರುತ್ತಾರೆ. ರಕ್ತ ತೆಳು ಮಾಡುವ ಮಾತ್ರೆಯ ವಿಷಯವೂ ಹಾಗೆಯೇ, ನೀವಾಗಿಯೇ ನಿಲ್ಲಿಸಬೇಡಿ.

ಇನ್ನೊಂದು ಬಾಗಿಲು ಹಲವರಿಗೆ ಗೊತ್ತಿಲ್ಲ. 1976ರಿಂದ ನಡೆಯುತ್ತಿರುವ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದ ಕೆಲಸವನ್ನು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಯಲ್ಲಿ ಒಬ್ಬ ಅಧಿಕಾರಿ ನೋಡಿಕೊಳ್ಳುತ್ತಾರೆ. ಮುಂದಿನ ಶಿಬಿರ ಯಾವ ತಾಲ್ಲೂಕಿನಲ್ಲಿ, ಅಲ್ಲಿಂದ ರೋಗಿಗಳನ್ನು ಯಾವ ಆಸ್ಪತ್ರೆಗೆ ಕರೆದೊಯ್ಯುತ್ತಾರೆ ಎಂಬುದು ಅಲ್ಲಿ ಸಿಗುತ್ತದೆ. ತಾಲ್ಲೂಕು ಆಸ್ಪತ್ರೆಯ ನೇತ್ರಾಧಿಕಾರಿ ಅಥವಾ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ಆದೀತು. ಶಂಕರ ಕಣ್ಣಿನ ಆಸ್ಪತ್ರೆಯಂಥ ಟ್ರಸ್ಟ್ ಆಸ್ಪತ್ರೆಗಳು (ಶಿವಮೊಗ್ಗದಲ್ಲೂ ಬೆಂಗಳೂರಿನಲ್ಲೂ ಇದೆ) ಹಳ್ಳಿ ಶಿಬಿರದಲ್ಲಿ ಆಯ್ಕೆಯಾದವರನ್ನು ಬಸ್ಸಿನಲ್ಲಿ ಕರೆದೊಯ್ದು, ಊಟ, ಲೆನ್ಸ್, ಔಷಧಿ ಸಮೇತ ಉಚಿತವಾಗಿ ಆಪರೇಷನ್ ಮಾಡಿ ಊರಿಗೆ ಬಿಡುತ್ತವೆ. ಬೆಂಗಳೂರಿಗೆ ಬಂದು ನೆಂಟರ ಮನೆಯಲ್ಲಿ ಉಳಿಯುವ ಅನುಕೂಲ ಇದ್ದರೆ 1896ರಲ್ಲಿ ಶುರುವಾದ ಸರ್ಕಾರಿ ಮಿಂಟೋ ಕಣ್ಣಿನ ಆಸ್ಪತ್ರೆಯೂ ಇದೆ. ಸರ್ಕಾರಿ ಸರದಿ ಮತ್ತು ಖಾಸಗಿ ಬಿಲ್ಲಿನ ನಡುವೆ ಇರುವ ಈ ಟ್ರಸ್ಟ್ ಆಸ್ಪತ್ರೆಗಳನ್ನೇ ನಾನು ನಿಮ್ಮಂಥವರಿಗೆ ಮೊದಲು ಹೇಳುವುದು.

ಉಚಿತ ಎಂದರೆ ಸೊನ್ನೆ ಖರ್ಚಲ್ಲ, ಅದನ್ನೂ ಲೆಕ್ಕ ಹಾಕಿ. ತಪಾಸಣೆ, ರಕ್ತಪರೀಕ್ಷೆ ಮತ್ತು ಲೆನ್ಸ್ ಅಳತೆ, ದಾಖಲಾತಿ, ಮರುದಿನ ಪಟ್ಟಿ ಬಿಚ್ಚುವುದು, ಒಂದು ವಾರಕ್ಕೆ ಒಮ್ಮೆ, ಕನ್ನಡಕಕ್ಕೆ ಒಮ್ಮೆ. ದಾಖಲಾಗಿ ಅಲ್ಲೇ ಉಳಿದರೂ ಐದು ಸಲ ಓಡಾಟ. ಜೊತೆಗೆ ಬರುವವರ ಕೂಲಿ 600, ಇಬ್ಬರ ಬಸ್ಸು 300, ಊಟ 200 ಎಂದರೆ ಸಲಕ್ಕೆ 1,100, ಒಟ್ಟು 5,500 ರೂ. ತಾಯಿ ಜೊತೆಗೆ ಬಂದರೆ ಶಕ್ತಿ ಯೋಜನೆಯಲ್ಲಿ ಅವರ ಟಿಕೆಟ್ ಉಳಿಯುತ್ತದೆ. ಖಾಸಗಿಗೆ ಹೋದರೂ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಓಡಾಟ ಇದ್ದೇ ಇದೆ.

ಈಗ ಖಾಸಗಿಯವರ ದರ. ರಾಜ್ಯದ ಊರುಗಳಲ್ಲಿ ಸಾಮಾನ್ಯವಾಗಿ ಕೇಳುವುದು ಹೀಗೆ: ದೇಶದಲ್ಲೇ ತಯಾರಾದ ಮಡಚುವ ಮಾನೋಫೋಕಲ್ (ಒಂದೇ ದೂರಕ್ಕೆ ಸ್ಪಷ್ಟವಾಗಿ ಕಾಣುವ) ಲೆನ್ಸಿನೊಂದಿಗೆ ಫೇಕೋ 20,000ದಿಂದ 35,000, ಹೊರದೇಶದ ಮಾನೋಫೋಕಲ್ ಆದರೆ 35,000ದಿಂದ 60,000, ಟೋರಿಕ್ (ಸಿಲಿಂಡರ್ ಪವರ್, ಅಂದರೆ ಕಾರ್ನಿಯಾದ ಬಾಗು ಎಲ್ಲ ದಿಕ್ಕಿಗೂ ಒಂದೇ ಇಲ್ಲದ್ದರಿಂದ ಬರುವ ದೋಷವನ್ನೂ ಸರಿಪಡಿಸುವ ಲೆನ್ಸ್) ಅದಕ್ಕಿಂತ ಮೇಲೆ, ಒಂದಕ್ಕಿಂತ ಹೆಚ್ಚು ದೂರಕ್ಕೆ ಕಾಣಿಸುವ ಮಲ್ಟಿಫೋಕಲ್, ಟ್ರೈಫೋಕಲ್ 70,000ದಿಂದ ಲಕ್ಷ ದಾಟಿ. ನಿಮಗೆ ಹೇಳಿದ ಎರಡೂ ದರ ಈ ಅಳತೆಯೊಳಗೇ ಇವೆ. ಇಷ್ಟು ವ್ಯತ್ಯಾಸ ಬರುವುದು ಬಹುಪಾಲು ಲೆನ್ಸಿನಿಂದ. ಪೊರೆ ತೆಗೆಯುವ ಕೆಲಸ ಎಲ್ಲದರಲ್ಲೂ ಒಂದೇ.

ಸರ್ಕಾರಿ ಕಡೆ ಹೆಚ್ಚಾಗಿ ಮಾಡುವುದು ಎಸ್‌ಐಸಿಎಸ್, ಅಂದರೆ ಕಣ್ಣಿನ ಬಿಳಿಭಾಗದಲ್ಲಿ 6–7 ಮಿ.ಮೀ. ಸುರಂಗ ಮಾಡಿ ಪೊರೆಯನ್ನು ಹೊರತೆಗೆಯುವುದು, ಹೊಲಿಗೆ ಬೇಡ. ಖಾಸಗಿಯಲ್ಲಿ ಫೇಕೋ, 2.2ರಿಂದ 2.8 ಮಿ.ಮೀ. ಗಾಯ. ಫೇಕೋದಲ್ಲಿ ಕಣ್ಣು ಬೇಗ ತಿಳಿಯಾಗುತ್ತದೆ, ಸಿಲಿಂಡರ್ ಪವರ್ ಕಡಿಮೆ ಉಳಿಯುತ್ತದೆ. ಈ ಎರಡು ಲಾಭ ನಿಜ. ಆದರೆ ನೇಪಾಳದಲ್ಲಿ 108 ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳ ನಂತರ ಎರಡೂ ಗುಂಪಿನಲ್ಲಿ ಶೇ. 98 ಜನರಿಗೆ ಕನ್ನಡಕದೊಂದಿಗೆ 6/18 ಅಥವಾ ಅದಕ್ಕಿಂತ ಉತ್ತಮ ದೃಷ್ಟಿ ಬಂದಿತ್ತು. ಎಸ್‌ಐಸಿಎಸ್‌ಗೆ ಸರಾಸರಿ 9 ನಿಮಿಷ, ಫೇಕೋಗೆ ಹದಿನೈದೂವರೆ ನಿಮಿಷ ಹಿಡಿದಿತ್ತು. 'ಹಳೇ ಪದ್ಧತಿ' ಎಂದು ಯಾರಾದರೂ ಹೆದರಿಸಿದರೆ ಇದನ್ನು ನೆನಪಿಡಿ. ಫೆಮ್ಟೋ ಲೇಸರ್ (ಆಪರೇಷನ್ನಿನ ಕೆಲವು ಹಂತಗಳನ್ನು ಲೇಸರಿನಿಂದ ಮಾಡುವುದು) ಎಂದು ಮೇಲೆ ಇನ್ನಷ್ಟು ಹಣ ಕೇಳಿದರೆ ಕೊಡಬೇಡಿ. ಫ್ರಾನ್ಸ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಫೆಮ್‌ಕ್ಯಾಟ್ ಪ್ರಯೋಗದಲ್ಲಿ ಅದು ಮಾಮೂಲಿ ಫೇಕೋಗಿಂತ ಮೇಲೆಂದು ಕಾಣಲಿಲ್ಲ.

1,10,000ದ ಲೆನ್ಸ್ ಬಹುಶಃ ಮಲ್ಟಿಫೋಕಲ್. ಅದು ಒಳಬರುವ ಬೆಳಕನ್ನು ದೂರಕ್ಕೊಂದಿಷ್ಟು, ಹತ್ತಿರಕ್ಕೊಂದಿಷ್ಟು ಎಂದು ಹಂಚುತ್ತದೆ. ಹಾಗಾಗಿ ರಾತ್ರಿ ದೀಪದ ಸುತ್ತ ಬಳೆ ಕಾಣುತ್ತದೆ, ಮಂದ ಬೆಳಕಿನಲ್ಲಿ ತಿಳಿ-ಗಾಢದ ಅಂತರ ತೆಳುವಾಗುತ್ತದೆ. ಸಕ್ಕರೆಯಿಂದ ರೆಟಿನಾ ಮುಂದೆ ಹಾಳಾಗಬಹುದಾದ ಕಣ್ಣಿಗೆ ಇದನ್ನು ಹಾಕಿಸುವುದು ನನ್ನ ಅಭಿಪ್ರಾಯದಲ್ಲಿ ತಪ್ಪು. ಟೋರಿಕ್ ಬೇರೆ ವಿಷಯ: ಕಾರ್ನಿಯಾದಲ್ಲಿ ಸಿಲಿಂಡರ್ ಒಂದೂಕಾಲು ಪವರ್ ದಾಟಿದ್ದರೆ ಉಪಯೋಗವಿದೆ. ಆದರೆ ಅದು ಒಂದೊಂದು ಡಿಗ್ರಿ ತಿರುಗಿದಾಗಲೂ ಸುಮಾರು ಶೇ. 3 ಪರಿಣಾಮ ಹೋಗುತ್ತದೆ, 30 ಡಿಗ್ರಿ ತಿರುಗಿದರೆ ಪೂರ್ತಿ ಹೋಗುತ್ತದೆ. ಹತ್ತಿರಕ್ಕೆ ಕನ್ನಡಕ ಹಾಕಲು ತಂದೆಯವರ ಅಭ್ಯಂತರ ಇಲ್ಲದಿದ್ದರೆ ಮಾನೋಫೋಕಲ್ ಧಾರಾಳ ಸಾಕು.

ದುಬಾರಿ ಲೆನ್ಸಿಗಿಂತ ಫಲಿತಾಂಶವನ್ನು ಹೆಚ್ಚು ನಿರ್ಧರಿಸುವುದು ಅಳತೆ, ಮತ್ತು ಅದನ್ನು ಯಾರೂ ಕೇಳುವುದಿಲ್ಲ. ಲೆನ್ಸ್ ಪವರ್ ಲೆಕ್ಕ ಹಾಕಲು ಕಣ್ಣಿನ ಮುಂದಿನಿಂದ ಹಿಂದಿನವರೆಗಿನ ಉದ್ದ ಬೇಕು, ಸಾಮಾನ್ಯವಾಗಿ 22ರಿಂದ 24 ಮಿ.ಮೀ. ಇದರಲ್ಲಿ 1 ಮಿ.ಮೀ. ತಪ್ಪಿದರೆ ಕನ್ನಡಕದಲ್ಲಿ ಎರಡೂವರೆಯಿಂದ ಮೂರು ಪವರ್ ತಪ್ಪುತ್ತದೆ. ಎ-ಸ್ಕ್ಯಾನ್ (ಅಲ್ಟ್ರಾಸೌಂಡ್) ಕಡ್ಡಿಯನ್ನು ಕಾರ್ನಿಯಾದ ಮೇಲಿಟ್ಟು ಅಳೆಯುವಾಗ ಕೈ ಸ್ವಲ್ಪ ಒತ್ತಿದರೂ ಕಣ್ಣು ಚಿಕ್ಕದೆಂದು ತೋರಿಸುತ್ತದೆ, ಲೆಕ್ಕದಲ್ಲಿ ಹೆಚ್ಚು ಪವರಿನ ಲೆನ್ಸ್ ಬರುತ್ತದೆ, ಆಪರೇಷನ್ ಆದಮೇಲೆ ದೂರ ಮಬ್ಬು, ಮೈನಸ್ ಕನ್ನಡಕ ಬೇಕಾಗುತ್ತದೆ. ಬೆಳಕಿನಿಂದ ಅಳೆಯುವ ಆಪ್ಟಿಕಲ್ ಬಯೋಮೀಟರ್ ಕಣ್ಣನ್ನು ಮುಟ್ಟುವುದಿಲ್ಲ, ಹಾಗಾಗಿ ಈ ತಪ್ಪು ಬರುವುದಿಲ್ಲ. ಪೊರೆ ತೀರಾ ಗಟ್ಟಿಯಾಗಿದ್ದರೆ ಮಾತ್ರ ಅದಕ್ಕೆ ಒಳಗೆ ಕಾಣದೆ ಎ-ಸ್ಕ್ಯಾನೇ ಗತಿ. ಯಾವ ಆಸ್ಪತ್ರೆಯಾದರೂ ಸರಿ, ಅಳತೆ ಚೀಟಿ ಕೇಳಿ ನೋಡಿ. ಬಲ ಮತ್ತು ಎಡಗಣ್ಣಿನ ಉದ್ದದ ಅಂತರ 0.3 ಮಿ.ಮೀ. ದಾಟಿದ್ದರೆ "ಇನ್ನೊಮ್ಮೆ ಅಳೆಯಿರಿ ಸಾರ್" ಎಂದು ವಿನಯದಿಂದ ಕೇಳಿ. ನಿಜಕ್ಕೂ ವ್ಯತ್ಯಾಸ ಇರುವ ಕಣ್ಣುಗಳೂ ಇವೆ, ಆದರೆ ಮರು ಅಳತೆಗೆ ಹಿಡಿಯುವುದು ಐದೇ ನಿಮಿಷ.

ಹಣದ ವಿಷಯದಲ್ಲಿ ಇನ್ನೆರಡು ಮಾತು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್ ಆದರೆ ಪ್ಯಾಕೇಜ್ ದರದ (ಯೋಜನೆಯಲ್ಲಿ ಆ ಚಿಕಿತ್ಸೆಗೆ ನಿಗದಿಯಾದ ದರ) ಶೇ. 30 ಮಾತ್ರ, ವರ್ಷಕ್ಕೆ 1.5 ಲಕ್ಷದ ಮಿತಿ. ಆದರೆ ತುರ್ತು ಅಲ್ಲದ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ದರೆ ಅವರ ರೆಫರಲ್ ಪತ್ರ. ನೇರವಾಗಿ ಖಾಸಗಿಗೆ ಹೋಗಿ ಬಿಲ್ ಕಟ್ಟಿ ಆಮೇಲೆ ಹಣ ಕೇಳುವ ದಾರಿ ಇಲ್ಲ. ಆರೋಗ್ಯ ವಿಮೆ ಇದ್ದರೆ ಪೊರೆಗೆ ಪ್ರತ್ಯೇಕ ಕಾಯುವ ಅವಧಿ (ಬಹಳ ಪಾಲಿಸಿಗಳಲ್ಲಿ 24 ತಿಂಗಳು) ಮತ್ತು ಪ್ರತ್ಯೇಕ ಮಿತಿ ಇರುತ್ತದೆ. ಉದಾಹರಣೆಗೆ ಆರೋಗ್ಯ ಸಂಜೀವಿನಿ ಪಾಲಿಸಿಯಲ್ಲಿ ಒಂದು ಕಣ್ಣಿಗೆ ವಿಮಾ ಮೊತ್ತದ ಶೇ. 25 ಅಥವಾ 40,000 ರೂ., ಯಾವುದು ಕಡಿಮೆಯೋ ಅದು.

ಖಾಸಗಿಗೇ ಹೋಗುವುದಾದರೆ 48,000ದಲ್ಲಿ ಏನೇನು ಸೇರಿದೆ ಎಂದು ಬರೆದುಕೊಡಲು ಹೇಳಿ: ಲೆನ್ಸಿನ ಕಂಪನಿ ಮತ್ತು ಮಾದರಿ, ಅದರ ಎಂಆರ್‌ಪಿ, ಪರೀಕ್ಷೆಗಳು, ಡ್ರಾಪ್ಸ್, ಎಷ್ಟು ಮರುಭೇಟಿ. ಅದೇ ಆಸ್ಪತ್ರೆಯಲ್ಲಿ ದೇಶೀ ಮಾನೋಫೋಕಲ್ ಲೆನ್ಸಿನ ದರ ಎಷ್ಟೆಂದು ನೀವಾಗಿ ಕೇಳಿ, ಅವರಾಗಿ ಹೇಳುವುದು ಅಪರೂಪ. ಮದುರೈನ ಅರವಿಂದ್ ಸಂಸ್ಥೆಯವರ ಆರೋಲ್ಯಾಬ್ 1992ರಿಂದ ಲೆನ್ಸ್ ತಯಾರಿಸುತ್ತಿದೆ, ದೇಶೀ ಎಂದರೆ ಕಳಪೆ ಎಂದು ಭಾವಿಸಬೇಡಿ.

ಎಲ್ಲಿ ಮಾಡಿಸಿದರೂ ಮೊದಲ ವಾರ ಒಂದು ವಿಷಯ ಮರೆಯಬೇಡಿ. ದಿನದಿಂದ ದಿನಕ್ಕೆ ನೋವು ಮತ್ತು ಕೆಂಪು ಇಳಿಯಬೇಕು, ದೃಷ್ಟಿ ಏರಬೇಕು. ಇದು ತಿರುವುಮುರುವಾದರೆ ಸೋಂಕು ಇರಬಹುದು. ಅಪಾಯಿಂಟ್‌ಮೆಂಟ್ ದಿನಕ್ಕೆ ಕಾಯದೆ ಅದೇ ದಿನ ಹೋಗಿ, ಸೋಂಕಾಗಿದ್ದರೆ ಗಂಟೆಗಳ ಲೆಕ್ಕ. ಸ್ಟೀರಾಯ್ಡ್ ಡ್ರಾಪ್ಸನ್ನು ನಾಲ್ಕರಿಂದ ಆರು ವಾರ ಹಂತಹಂತವಾಗಿ ಇಳಿಸಬೇಕು, ಚೆನ್ನಾಗಿ ಕಾಣಿಸಿತೆಂದು ನಡುವೆ ಬಿಟ್ಟರೆ ಉರಿಯೂತ ಮರಳುತ್ತದೆ. ಎರಡು ಬಗೆಯ ಡ್ರಾಪ್ಸ್ ನಡುವೆ ಐದು ನಿಮಿಷ ಬಿಡಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ. ತಿಂಗಳುಗಳೋ ವರ್ಷಗಳೋ ಕಳೆದು ಮತ್ತೆ ಮಬ್ಬಾದರೆ ಅದು ಹೆಚ್ಚಾಗಿ ಲೆನ್ಸಿನ ಹಿಂದಿನ ಚೀಲ ಮಸುಕಾಗಿರುವುದು, ಯಾಗ್ ಲೇಸರಿನಲ್ಲಿ ಕೆಲವೇ ನಿಮಿಷಗಳ ಕೆಲಸ.

ಡಿಸ್ಚಾರ್ಜ್ ಚೀಟಿ ಕೈಗೆ ಬಂದಾಗ ಲೆನ್ಸ್ ಡಬ್ಬಿಯ ಸ್ಟಿಕ್ಕರ್ ಅಂಟಿಸಿದ್ದಾರೆಯೇ ನೋಡಿ. ಮಾದರಿ, ಪವರ್, ಸೀರಿಯಲ್ ನಂಬರ್ ಮೂರೂ ಅದರಲ್ಲಿರುತ್ತವೆ. ಇಲ್ಲದಿದ್ದರೆ ಅಲ್ಲೇ ನಿಂತು ಕೇಳಿ ಅಂಟಿಸಿಕೊಳ್ಳಿ. ತಿಂಗಳು ಬಿಟ್ಟು ಎಡಗಣ್ಣು ಮಾಡಿಸುವಾಗ, ಅದು ಬೇರೆ ಆಸ್ಪತ್ರೆಯಾದರೂ, ಬಲಗಣ್ಣಿಗೆ ಹಾಕಿದ ಪವರ್ ಮತ್ತು ಬಂದ ಫಲಿತಾಂಶ ನೋಡಿ ಲೆಕ್ಕ ತಿದ್ದಿಕೊಳ್ಳಲು ಸರ್ಜನ್‌ಗೆ ಬೇಕಾಗುವುದು ಆ ಸ್ಟಿಕ್ಕರ್.