ಧರೆಯ ಮೇಲಿನ ಕರ್ಣಕುಂಡಲ ಹೊಸ ಪ್ರಭೇದವೇ? ಹೆಸರಿಗಿಂತ ಮೊದಲು ಆಗಬೇಕಾದ ಕೆಲಸ

ನೀವು ಈ ಗುಂಪಿನಲ್ಲಿ ಹಾಕಿದ ಮೂರು ಫೋಟೋ ನೋಡಿದೆ. ಅಡಿಕೆ ತೋಟದ ಮೇಲಿನ ಧರೆಯಲ್ಲಿ, ಅಂದರೆ ಕಡಿದಾದ ದಿಬ್ಬದ ಬದಿಯಲ್ಲಿ, ನೀರು ಜಿನುಗುವ ಕಲ್ಲಿಗೆ ಅಂಟಿಕೊಂಡ ಗಿಡ, ಬುಡದಿಂದಲೇ ಹೊರಟ ನಾಲ್ಕೈದು ಎಲೆ, ಗೇಣುದ್ದದ ದಂಟಿನ ತುದಿಯಲ್ಲಿ ತಿಳಿಗುಲಾಬಿ ಹೂ, ಹೂವಿನ ಹಿಂದೆ ಉದ್ದನೆಯ ಬಾಲ. ಕರ್ಣಕುಂಡಲದ ಕುಲ, ಅಂದರೆ ಇಂಪೇಷನ್ಸ್, ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ‘ಇದು ಹೊಸ ಪ್ರಭೇದವೇ, ಹೌದಾದರೆ ಅಜ್ಜನ ಹೆಸರಿಡಬಹುದೇ’ ಎಂದು ಕೇಳಿದ್ದೀರಲ್ಲ, ಆ ಎರಡಕ್ಕೂ ಈ ಫೋಟೋಗಳಿಂದ ಉತ್ತರ ಹುಟ್ಟುವುದಿಲ್ಲ. ಒಣಗಿಸಿದ ಗಿಡ, ಸ್ಪಿರಿಟ್‌ನಲ್ಲಿಟ್ಟ ಹೂ, ಅಳತೆ, ಟಿಪ್ಪಣಿ ಇಷ್ಟೂ ಬೇಕು. ಮಳೆ ನಿಂತು ಧರೆ ಒಣಗಿದರೆ ಈ ಗಿಡ ಗೆಡ್ಡೆಯಾಗಿ ಒಳಗೆ ಸೇರಿಬಿಡುತ್ತದೆ, ಮತ್ತೆ ಮುಂದಿನ ಮಳೆಗಾಲವೇ ಗತಿ. ಹಾಗಾಗಿ ಈಗಲೇ ಶುರುಮಾಡಿ.

ಮೊದಲು ಒಂದು ತಣ್ಣೀರು. ಬುಡದಲ್ಲೇ ಎಲೆ ಬಿಟ್ಟು ಒದ್ದೆ ಬಂಡೆಯ ಮೇಲೆ ಬೆಳೆಯುವ ಕರ್ಣಕುಂಡಲಗಳು ಪಶ್ಚಿಮ ಘಟ್ಟದಲ್ಲಿ ಹಲವು ಇವೆ. ಇಂಪೇಷನ್ಸ್ ಅಕಾಲಿಸ್, ಇಂಪೇಷನ್ಸ್ ಸ್ಕಾಪಿಫ್ಲೋರಾ ಎರಡಕ್ಕೂ 19ನೇ ಶತಮಾನದಲ್ಲೇ ಹೆಸರಾಗಿದೆ. ನಿಮ್ಮದು ಅವೆರಡೂ ಅಲ್ಲ ಎಂದು ತೋರಿಸುವುದೇ ಮೊದಲ ಕೆಲಸ. ಈ ಕುಲದಲ್ಲಿ ಜನ ಮೋಸಹೋಗುವುದು ಮೂರು ವಿಷಯಕ್ಕೆ: ಬಣ್ಣ, ಎಲೆಯ ಗಾತ್ರ, ಬಾಲದ ಉದ್ದ. ನೆರಳಲ್ಲಿದ್ದರೆ ಹೂ ಬಿಳಿಚಿಕೊಳ್ಳುತ್ತದೆ. ನೀರು ಹೆಚ್ಚು ಸಿಕ್ಕಿದ ಗಿಡದ ಎಲೆ ಅಂಗೈಯಗಲ, ಮಾರುದೂರದಲ್ಲಿ ಒಣಕಲ್ಲಿನ ಮೇಲಿನದು ಹೆಬ್ಬೆರಳಗಲ. ಒಂದೇ ಗಿಡದ ಎರಡು ಹೂವಲ್ಲೂ ಬಾಲ ಹೆಚ್ಚುಕಡಿಮೆ ಆಗಬಹುದು. ಆದ್ದರಿಂದ ಒಂದು ಗಿಡ ಅಳೆದು ತೀರ್ಮಾನಕ್ಕೆ ಬರಬೇಡಿ. ಕನಿಷ್ಠ ಹತ್ತು ಗಿಡ, ಇಪ್ಪತ್ತು ಹೂ ಅಳೆದು, ಅತಿ ಚಿಕ್ಕದು ಎಷ್ಟು ಅತಿ ದೊಡ್ಡದು ಎಷ್ಟು ಎಂದು ಮಿಲಿಮೀಟರಿನಲ್ಲಿ ಬರೆದಿಡಿ.

ಪ್ರಭೇದ ಬೇರೆ ಮಾಡುವುದು ಮುಖ್ಯವಾಗಿ ಹೂವಿನ ಬಿಡಿ ಅಂಗಗಳು. ಮುಖದಲ್ಲಿ ಕಾಣುವುದು ಐದು ಪಕಳೆ: ಮೇಲಿನದೊಂದು ಬಿಡಿ, ಉಳಿದ ನಾಲ್ಕು ಎರಡೆರಡಾಗಿ ಕೂಡಿಕೊಂಡು ಎಡಬಲದ ಜೋಡಿ. ಹಿಂದಿರುವ ಚೀಲದಂಥದ್ದು ಕೆಳಗಿನ ಪುಷ್ಪಪತ್ರ (ಪಕಳೆಯ ಹೊರಗಿನ ಎಸಳು, ಸೆಪಲ್), ಬಾಲ ಹೊರಡುವುದು ಅದರಿಂದ. ಆ ಚೀಲದ ಬುಡದಲ್ಲಿ ಎರಡೂ ಕಡೆ ಸಣ್ಣ ಹಸಿರು ಚೂರುಗಳಿರುತ್ತವೆ, ಅವು ಪಕ್ಕದ ಪುಷ್ಪಪತ್ರಗಳು. ಅವುಗಳ ಆಕಾರ, ಅಂಚಿನ ರೋಮ, ಎಡಬಲದ ಪಕಳೆ ಜೋಡಿಯ ಹಾಲೆಗಳ (ಸೀಳುಭಾಗಗಳ) ಆಕಾರ, ಕಾಯಿಯ ಮೇಲೆ ರೋಮ ಇದೆಯೋ ಇಲ್ಲವೋ, ಇವೇ ಮುಖ್ಯ. ನಿಮ್ಮ ಮೂರು ಫೋಟೋನೂ ಎದುರಿನಿಂದಲೇ ತೆಗೆದದ್ದು, ಇವುಗಳಲ್ಲಿ ಹೆಚ್ಚಿನವು ಕಾಣುವುದಿಲ್ಲ. ಎದುರು, ಪಕ್ಕ, ಹಿಂಬದಿ, ಎಲೆಯ ಎರಡೂ ಮುಖ, ಬುಡದ ಗೆಡ್ಡೆ, ಎಳೆಕಾಯಿ, ಪ್ರತಿಯೊಂದನ್ನೂ ಸ್ಕೇಲ್ ಪಕ್ಕದಲ್ಲಿಟ್ಟು ತೆಗೆಯಿರಿ. ಒಂದು ಹೂವನ್ನು ಬ್ಲೇಡಿನಿಂದ ಬಿಡಿಸಿ, ಕಪ್ಪು ಬಟ್ಟೆಯ ಮೇಲೆ ಅಂಗಗಳನ್ನು ಸಾಲಾಗಿ ಜೋಡಿಸಿ ಇನ್ನೊಂದು. ಕಳಿಸುವಾಗ ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಬೇಡಿ. ಗಾತ್ರ ಕುಗ್ಗುತ್ತದೆ, ತಾರೀಖು ಮತ್ತು ಜಾಗದ ಮಾಹಿತಿಯೂ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಇನ್ನು ಗಿಡ ಕೀಳುವುದು. ಧರೆ ನಿಮ್ಮ ಮಾಲ್ಕಿ ಜಾಗದಲ್ಲಿದ್ದರೆ ತೊಂದರೆ ಕಡಿಮೆ. ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಅರಣ್ಯ ಜಾಗದಲ್ಲಿ ಇದ್ದರೆ ನಿಲ್ಲಿ. ಸೊಪ್ಪು ತರುವ ಹಕ್ಕು ಬೇರೆ, ಮಾದರಿ ಸಂಗ್ರಹ ಬೇರೆ. ಅಲ್ಲಿಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಅಭಯಾರಣ್ಯದ ಒಳಗಾದರಂತೂ ನೀವು ಕೈಹಾಕಲೇ ಬೇಡಿ. ಎಷ್ಟು ಕೀಳಬಹುದು ಎನ್ನುವುದಕ್ಕೆ ಸಸ್ಯ ಸಂಗ್ರಹಕಾರರ ಲೆಕ್ಕ ಒಂದಿದೆ: ಇಪ್ಪತ್ತು ಗಿಡಕ್ಕೆ ಒಂದು. ಧರೆಯಲ್ಲಿ ನೂರು ಗಿಡ ಇದ್ದರೆ ಐದು ತೆಗೆಯಿರಿ. ಒಟ್ಟು ಹತ್ತೇ ಇದ್ದರೆ ಒಂದು ಎಲೆ, ಎರಡು ಹೂ, ಫೋಟೋ ಇಷ್ಟಕ್ಕೆ ಸಾಕುಮಾಡಿ, ಬಲ್ಲವರು ಬಂದು ನೋಡಲಿ. ತೋಟಕ್ಕೆ ಕೊಳೆರೋಗದ ಔಷಧಿ (ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ) ಹೊಡೆದಿದ್ದರೆ ಅದರ ಹನಿ ಬೀಳದ ಗಿಡವನ್ನೇ ಆರಿಸಿ. ಒಣಗಿದ ಮೇಲೆ ಆ ಬಿಳಿ-ನೀಲಿ ಕಲೆ ಎಲೆಯ ಸ್ವಂತ ಮಚ್ಚೆಯಂತೆ ಕಾಣುತ್ತದೆ.

ಕರ್ಣಕುಂಡಲ ಒಣಗಿಸುವುದು ಬೇರೆ ಗಿಡದಷ್ಟು ಸುಲಭವಲ್ಲ, ಮೈಯೆಲ್ಲ ನೀರು. ಗೆಡ್ಡೆ ಸಮೇತ ಎಬ್ಬಿಸಿ, ಮಣ್ಣು ತೊಳೆದು, ದಪ್ಪ ದಂಟು ಮತ್ತು ಗೆಡ್ಡೆಯನ್ನು ಉದ್ದಕ್ಕೆ ಸೀಳಿ. ಸೀಳದಿದ್ದರೆ ಮೂರನೇ ದಿನಕ್ಕೆ ಬೂಸ್ಟು ಖಂಡಿತ. ಹರ್ಬೇರಿಯಂ (ಒಣಗಿಸಿದ ಗಿಡಗಳ ಸಂಗ್ರಹಾಲಯ) ಬಳಸುವ ಹಾಳೆ ಸುಮಾರು 28×42 ಸೆಂ.ಮೀ. ಇರುತ್ತದೆ, ಗಿಡ ಅದರೊಳಗೆ ಹಿಡಿಸುವಂತೆ ಮಡಿಸಿ ಪತ್ರಿಕೆಯ ನಡುವೆ ಹರಡಿ. ಒಂದೆರಡು ಎಲೆ ಬೆನ್ನು ಮೇಲಾಗಿರಲಿ. ಹೂವಿನ ಮೇಲೂ ಕೆಳಗೂ ಟಿಶ್ಯೂ ಪೇಪರ್ ಇಡಿ, ಇಲ್ಲವಾದರೆ ಪಕಳೆ ಪತ್ರಿಕೆಗೆ ಅಂಟಿ ಹರಿಯುತ್ತದೆ. ಎರಡು ಪ್ಲೈವುಡ್ ಹಲಗೆಯ ನಡುವೆ ಹಗ್ಗದಿಂದ ಬಿಗಿದು, ಮಳೆಗಾಲದಲ್ಲಿ ಮೊದಲ ನಾಲ್ಕು ದಿನ ದಿನಕ್ಕೆರಡು ಸಲ, ಆಮೇಲೆ ದಿನಕ್ಕೊಮ್ಮೆ ಪತ್ರಿಕೆ ಬದಲಿಸಿ. ಅಡಿಕೆ ಡ್ರೈಯರ್ ಇದ್ದವರಿಗೆ ಕೆಲಸ ಹಗುರ, ಆದರೆ 45 ಡಿಗ್ರಿ ಮೀರಿಸಬೇಡಿ. ಎಲೆ ಕಂದಾಗಿ ಪುಡಿಯಾಗುತ್ತದೆ. ಅಟ್ಟದ ಹೊಗೆಯಲ್ಲಿ ಇಡುವುದೂ ಬೇಡ. ಪೂರ್ತಿ ಒಣಗಿದ ಮೇಲೆ ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಒಂದು ವಾರ ಫ್ರೀಜರಿನಲ್ಲಿಡಿ, ಹುಳ-ಮೊಟ್ಟೆ ಸಾಯುತ್ತವೆ. ಹಳೆಯ ಕೈಪಿಡಿಗಳಲ್ಲಿ ಮರ್ಕ್ಯುರಿಕ್ ಕ್ಲೋರೈಡ್ ಹಚ್ಚಲು ಹೇಳಿರುತ್ತದೆ. ಅದು ಘೋರ ವಿಷ, ಮನೆಯೊಳಗೆ ತರಬೇಡಿ.

ಎಷ್ಟೇ ಜಾಣತನದಿಂದ ಒಣಗಿಸಿದರೂ ಈ ಹೂವಿನ ಆಕಾರ ಉಳಿಯುವುದಿಲ್ಲ. ಅದಕ್ಕೇ ನಾಲ್ಕೈದು ಹೂ, ಎರಡು ಮೊಗ್ಗು, ಎರಡು ಕಾಯಿಯನ್ನು ಸಣ್ಣ ಬಾಟಲಿಯಲ್ಲಿ 70 ಶೇಕಡಾ ಆಲ್ಕೋಹಾಲಿನಲ್ಲಿ ಮುಳುಗಿಸಿಡಿ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ. ಪೆನ್ನಿನ ಶಾಯಿ ಕರಗಿಹೋಗುತ್ತದೆ, ಹೊರಗೆ ಅಂಟಿಸಿದ್ದು ಕಳಚಿಹೋಗುತ್ತದೆ. ಸ್ಪಿರಿಟ್‌ನಲ್ಲಿ ಬಣ್ಣ ಒಂದೇ ದಿನದಲ್ಲಿ ಮಾಯ, ಆದ್ದರಿಂದ ಬಣ್ಣವನ್ನು ಗಿಡದ ಮುಂದೆ ನಿಂತೇ ಬರೆದುಕೊಳ್ಳಿ. ಡಿಎನ್‌ಎಗಾಗಿ ಎಳೆ ಎಲೆಯ ಚೂರನ್ನು ಖಾಲಿ ಟೀ ಬ್ಯಾಗಿನಲ್ಲಿ ಹಾಕಿ, ಎಲೆಯ ತೂಕದ ಇಪ್ಪತ್ತು ಪಟ್ಟು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಸಾಮಾನ್ಯ ಎಲೆಗೆ ಹತ್ತು ಪಟ್ಟು ಸಾಕು, ಇದು ನೀರೆಲೆ. ಒಂದು ದಿನದೊಳಗೆ ಗರಿಗರಿಯಾಗಬೇಕು. ನೀಲಿ ಹರಳು ಗುಲಾಬಿಯಾದರೆ ಹೊಸದು ಹಾಕಿ. ಈ ಚೂರಿಗೆ ಫಾರ್ಮಲಿನ್ ಸೋಕಿಸಬೇಡಿ, ಡಿಎನ್‌ಎ ಕೆಡುತ್ತದೆ.

ಹಾಳೆ, ಬಾಟಲಿ, ಸಿಲಿಕಾ ಡಬ್ಬಿ, ಫೋಟೋ ನಾಲ್ಕಕ್ಕೂ ಒಂದೇ ನಂಬರ್ ಕೊಡಿ. ತಾರೀಖು, ಮೊಬೈಲ್ ತೋರಿಸುವ ಅಕ್ಷಾಂಶ-ರೇಖಾಂಶ, ಎತ್ತರ, ಕಲ್ಲಿನ ಬಗೆ, ಸುತ್ತ ಏನೇನು ಬೆಳೆದಿದೆ, ಅಂದಾಜು ಎಷ್ಟು ಗಿಡ ಇವೆ, ಕಿತ್ತವರ ಹೆಸರು, ಇಷ್ಟು ಇರಲಿ. ಊರ ಹೆಸರನ್ನೂ ಬರೆಯಿರಿ, ಆದರೆ ಅದನ್ನೇ ನಂಬಬೇಡಿ: ‘ಗೌರಿ ಹೂ’ ಎಂದರೆ ಕೆಲವರಿಗೆ ಕರ್ಣಕುಂಡಲ, ಕೆಲವರಿಗೆ ಅಗ್ನಿಶಿಖೆ.

ಇಷ್ಟಾದ ಮೇಲೆ ತಜ್ಞರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹರ್ಬೇರಿಯಂ ಇದೆ, ಕೊಯಮತ್ತೂರಿನಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣಾಲಯದ ದಕ್ಷಿಣ ಕೇಂದ್ರ ಇದೆ. ಅವರು ನಿಮ್ಮ ಹಾಳೆಯನ್ನು ಹಳೆಯ ಪ್ರಭೇದಗಳ ಮೂಲ ವಿವರಣೆ ಮತ್ತು ಮೂಲ ಮಾದರಿಗಳೊಂದಿಗೆ ಹೋಲಿಸಬೇಕು. ಆ ಮಾದರಿಗಳಲ್ಲಿ ಅನೇಕವು ಲಂಡನ್ನಿನ ಕ್ಯೂ ಉದ್ಯಾನದಂಥ ಕಡೆ ಇವೆ, ಸ್ಕ್ಯಾನ್ ಮಾಡಿದ ಚಿತ್ರಗಳು ಅಂತರ್ಜಾಲದಲ್ಲಿ ಸಿಗುತ್ತವೆ. ಸಸ್ಯಗಳ ಹೆಸರಿನ ಲೆಕ್ಕ 1753ರಿಂದ, ಪ್ರಾಣಿಗಳದ್ದು 1758ರಿಂದ ಶುರು. ಅಲ್ಲಿಂದೀಚೆಗೆ ಯಾರಾದರೂ ಸರಿಯಾಗಿ ಹೆಸರಿಟ್ಟಿದ್ದರೆ ಹಳೆಯದೇ ಗೆಲ್ಲುತ್ತದೆ. ತಡವಾಗುವುದು ಈ ಹೋಲಿಕೆಯಲ್ಲೇ, ಅವಸರ ಮಾಡಿದವರ ‘ಹೊಸ ಪ್ರಭೇದ’ ನಾಲ್ಕು ವರ್ಷದಲ್ಲಿ ಹಳೆಯದರ ಇನ್ನೊಂದು ಹೆಸರಾಗಿ ಕೂರುವುದೂ ಇಲ್ಲೇ. ಹೊಸದೆಂದು ಖಚಿತವಾದರೆ ಒಂದು ಹಾಳೆಯನ್ನು ಹೋಲೋಟೈಪ್ (ಆ ಹೆಸರಿಗೆ ಆಧಾರವಾಗುವ ಒಂದೇ ಮಾದರಿ) ಎಂದು ಗುರುತಿಸಿ, ಅದು ಯಾವ ಹರ್ಬೇರಿಯಂನಲ್ಲಿದೆ ಎಂದು ಲೇಖನದಲ್ಲೇ ಬರೆಯಬೇಕು. ಬರೆಯದಿದ್ದರೆ ಹೆಸರು ಊರ್ಜಿತವಲ್ಲ. ವಿವರಣೆ ಲ್ಯಾಟಿನ್ ಅಥವಾ ಇಂಗ್ಲಿಷಿನಲ್ಲಿರಬೇಕು. ಕನ್ನಡದ್ದು ನಡೆಯುವುದಿಲ್ಲ, ಬೇಸರವೇ ಸರಿ. 2002ರ ಜೈವಿಕ ವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಪ್ರಭೇದ ಕಂಡವರು ಸರ್ಕಾರ ಗೊತ್ತುಮಾಡಿದ ಭಂಡಾರಕ್ಕೆ ತಿಳಿಸಿ ಮಾದರಿ ಒಪ್ಪಿಸಬೇಕು. ವಿದೇಶದ ಸ್ನೇಹಿತರಿಗೆ ಲಕೋಟೆಯಲ್ಲಿ ಎಲೆ ಕಳಿಸುವ ಸಾಹಸ ಬೇಡವೇ ಬೇಡ. ಲೇಖನದಲ್ಲಿ ನಿಮ್ಮ ಹೆಸರು ಲೇಖಕರಾಗಿಯೋ, ಸಂಗ್ರಹಿಸಿದವರಾಗಿ ಮಾತ್ರವೋ ಎನ್ನುವುದನ್ನು ಮಾದರಿ ಕೊಡುವ ಮೊದಲೇ ಮಾತಾಡಿಕೊಳ್ಳಿ.

ಅಜ್ಜನ ಹೆಸರು ಇಡಬಹುದು, ಆದರೆ ಇಡುವ ಹಕ್ಕು ವಿವರಣೆ ಬರೆದವರದ್ದು. ಲ್ಯಾಟಿನ್ ವ್ಯಾಕರಣದ ಗಂಟೂ ಇದೆ. ರೋಮನ್ ಲಿಪಿಯಲ್ಲಿ ವ್ಯಂಜನಕ್ಕೆ ಮುಗಿಯುವ ಗಂಡಸಿನ ಹೆಸರಿಗೆ ಸಾಮಾನ್ಯವಾಗಿ ಎರಡು ‘ಐ’ (i) ಅಕ್ಷರ ಸೇರುತ್ತವೆ. ನಮ್ಮ ಗಣಪನಂತೆ (Ganapa) ‘ಎ’ (a) ಅಕ್ಷರಕ್ಕೆ ಮುಗಿದರೆ ಸೇರುವುದು ‘ಇ’ (e), ಹೆಂಗಸಿನ ಹೆಸರಿನಂತೆ ಕಂಡರೂ ಸಸ್ಯನಾಮದ ಪದ್ಧತಿ ಹಾಗೇ. ಪ್ರಕಟವಾಗುವ ತನಕ ಆ ಹೆಸರನ್ನು ಪತ್ರಿಕೆಯವರಿಗೂ ಈ ಗುಂಪಿಗೂ ಹೇಳಬೇಡಿ. ವಿವರಣೆಯಿಲ್ಲದೆ ಹೊರಬಿದ್ದ ಹೆಸರಿಗೆ ಬೆಲೆಯಿಲ್ಲ, ಗೊಂದಲ ಮಾತ್ರ ಉಳಿಯುತ್ತದೆ.

ಈ ಪ್ರಶ್ನೆಯ ಕೆಳಗೆ ಇನ್ನೊಬ್ಬರು ಬಸಿಗಾಲುವೆಯಲ್ಲಿ ಬೇರೆ ಥರ ಕೂಗುವ ಕಪ್ಪೆಯ ಬಗ್ಗೆ ಕೇಳಿದ್ದೀರಿ. ಅದು ಹೊಸ ಪ್ರಭೇದವಾಗಿರುವ ಸಾಧ್ಯತೆ ಇಲ್ಲದಿಲ್ಲ. ಮೊಟ್ಟೆಗೆ ಕೆಸರು ಮೆತ್ತುವ ಕುಂಬಾರ ಕಪ್ಪೆಗೆ ಹೆಸರಾದದ್ದು 2014ರಲ್ಲಿ, ಉತ್ತರ ಕನ್ನಡದ ಕತ್ತಲೆಕಾನಿನಿಂದ. ಒಂದೂವರೆ ಸೆಂಟಿಮೀಟರ್ ಆಸುಪಾಸಿನ ಮೈಕ್ರೋಹೈಲಾ ಲ್ಯಾಟರೈಟ್ ಎಂಬ ಕಪ್ಪೆಗೆ 2016ರಲ್ಲಿ, ಮಣಿಪಾಲದ ಪಕ್ಕದ ಮುರಕಲ್ಲು ಬಯಲಿನಿಂದ. ಆದರೆ ಕಪ್ಪೆಯನ್ನು ಹಿಡಿಯಬೇಡಿ, ಬಾಟಲಿಗೆ ಹಾಕಬೇಡಿ. ಅದು ಅನುಮತಿ ಇದ್ದವರ ಕೆಲಸ. ಒಂದು ಮೀಟರ್ ದೂರದಿಂದ ಎರಡು-ಮೂರು ನಿಮಿಷ ಕೂಗು ರೆಕಾರ್ಡ್ ಮಾಡಿ, ಸಾಧ್ಯವಾದರೆ ದನಿಯನ್ನು ಕುಗ್ಗಿಸದ ವೇವ್ (WAV) ಫೈಲಿನಲ್ಲಿ. ಗಂಟೆ ಎಷ್ಟು, ಗಾಳಿಯ ಉಷ್ಣಾಂಶ ಎಷ್ಟು ಎಂದು ಬರೆದಿಡಿ. ಚಳಿ ಹೆಚ್ಚಿದಂತೆ ಕೂಗು ನಿಧಾನವಾಗುತ್ತದೆ, ಉಷ್ಣಾಂಶ ಗೊತ್ತಿಲ್ಲದ ರೆಕಾರ್ಡಿಂಗ್ ಹೋಲಿಕೆಗೆ ಅರ್ಧ ಮಾತ್ರ ಉಪಯೋಗ.

ಮತ್ತೆ ಕರ್ಣಕುಂಡಲಕ್ಕೆ: ಬೀಜವೂ ಬೇಕು. ಬಲಿತ ಕಾಯಿ ಮುಟ್ಟಿದರೆ ಸಿಡಿದು ಬೀಜ ಚೆಲ್ಲಿಬಿಡುತ್ತದೆ. ಕಾಯಿ ಉಬ್ಬಿ ಇನ್ನೂ ಹಸಿರಿರುವಾಗಲೇ ಅದರ ಮೇಲೆ ಖಾಲಿ ಟೀ ಬ್ಯಾಗ್ ತೊಡಿಸಿ ದಾರದಿಂದ ಸಡಿಲವಾಗಿ ಕಟ್ಟಿ, ಮೂರು ದಿನಕ್ಕೊಮ್ಮೆ ನೋಡಿ. ಸಿಕ್ಕಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿಡಿ, ಪ್ಲಾಸ್ಟಿಕ್ಕಿನಲ್ಲಿ ಬೂಸ್ಟು ಬರುತ್ತದೆ. ಪೊಟ್ಟಣಕ್ಕೂ ಅದೇ ನಂಬರ್.